ದಪ್ಪ ಅಕ್ಷರದ ಒಳಗಿನ ಬಿಳಿ

ತಮ್ಮಾ, ಫ್ಲೆಕ್ಸು, ರೇಡಿಯಂ, ಬೋರ್ಡು ಮೂರನ್ನೂ ಒಂದೇ ಅಂಗಡಿಯಲ್ಲಿ ಹಚ್ಚಿಕೊಂಡು ಕೂತಿದ್ದೀ. ಛಲೋ ಆತು. ಗದಗ-ಬೆಟಗೇರಿಯಲ್ಲಿ ಅಕ್ಷರ ನಂಬಿ ಬದುಕಲು ಹೊರಟವರಲ್ಲಿ ನೀನು ಮೊದಲಿಗನೇನಲ್ಲ. ಈ ಊರಿಗೆ ಮುದ್ರಣ ಕಾಶಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಡಿಕ್ಷನರಿ, ನಾಟಕದ ಪುಸ್ತಕ, ಶಾಲೆಯ ಗೈಡು ಎಲ್ಲವೂ ಇಲ್ಲಿಂದ ಗಂಟು ಕಟ್ಟಿಕೊಂಡು ರೈಲು ಹತ್ತುತ್ತಿದ್ದವು. ಶಾಬಾದಿಮಠ, ಸಂಕೇಶ್ವರ ಎಂಬ ಹೆಸರುಗಳನ್ನು ಪುಸ್ತಕದ ರಟ್ಟಿನ ಮೇಲೆ ಕಾಣದೆ ಶಾಲೆ ಮುಗಿಸಿದವರು ಈ ಕಡೆ ಕಡಿಮೆ. 1976ರಲ್ಲಿ ಒಂದೇ ಲಾರಿಯಿಂದ ಸಾಗಣೆ ಶುರುಮಾಡಿದ ವಿಜಯ ಸಂಕೇಶ್ವರರು ಕೂಡ ಹುಟ್ಟಿದ್ದು ಅಚ್ಚುಮೊಳೆಯ ಮನೆಯಲ್ಲೇ. ಹಾಗಾಗಿ ಅಕ್ಷರದ ವಿಷಯದಲ್ಲಿ ಈ ಊರಿನ ಹಿರಿಯರಿಗೆ ಸ್ವಲ್ಪ ಕೆಟ್ಟ ಚಟ ಇದೆ. ಕರೆಯದಿದ್ದರೂ ಬಂದು ಹೇಳುತ್ತೇವೆ. ಕೇಳಿಸಿಕೋ.

ನಿನ್ನ ಗಿರಾಕಿ ಬಂದವನೇ ಹೇಳುವ ಮಾತು ನನಗೆ ಗೊತ್ತು. "ಅಕ್ಷರ ಇನ್ನೂ ದಪ್ಪ ಮಾಡ್ರಿ. ದೂರದಿಂದ ಎದ್ದು ಕಾಣಬೇಕ್ರಿ." ನೀನು ದಪ್ಪ ಮಾಡುತ್ತೀ. "ಇನ್ನೂ ಸ್ವಲ್ಪ" ಅನ್ನುತ್ತಾನೆ. ಇನ್ನೂ ಮಾಡುತ್ತೀ. ಈಗಂತೂ ದಪ್ಪದ ಜೊತೆಗೆ ದುಂಡು ತುದಿಯೂ ಬೇಕು. ಖಾನಾವಳಿ, ಬೇಕರಿ, ಮೊಬೈಲ್ ಅಂಗಡಿ, ಶಿಶುವಿಹಾರ, ಕಬ್ಬಿನಹಾಲಿನ ಗಾಡಿ, ಎಲ್ಲ ಕಡೆ ಅದೇ ಉಬ್ಬಿದ, ಮೂಲೆಗಳೆಲ್ಲ ನುಣುಪಾದ ಅಕ್ಷರ. ಅದು ಕೆಟ್ಟದ್ದು ಅನ್ನಲು ನಾನು ಕೂತಿಲ್ಲ. ನನಗೂ ಅದು ಇಷ್ಟವೇ. ಆದರೆ ಎಲ್ಲಿ ನಿಲ್ಲಿಸಬೇಕು ಎಂಬುದು ಗಿರಾಕಿಗೆ ಗೊತ್ತಿರುವುದಿಲ್ಲ, ನಿನಗೆ ಗೊತ್ತಿರಬೇಕು.

ಮೊದಲು ಈ ಜಾತಿಯ ಅಕ್ಷರ ಎಲ್ಲಿಂದ ಬಂತು ನೋಡು. ಇಂಗ್ಲಿಷ್ ಅಕ್ಷರಗಳಿಗೆ ನೇರ ಗೆರೆ, ಚೂಪು ಮೂಲೆ ಜಾಸ್ತಿ. ಅವನ್ನು ಮೃದು ಮಾಡಲು ಗೆರೆಯ ತುದಿಗಳನ್ನು ಅರ್ಧಚಂದ್ರ ಮಾಡಿದರು. 1979ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಗಾಗಿ ಮಾಡಿದ ವ್ಯಾಗ್ ರೌಂಡೆಡ್ ಇದರಲ್ಲಿ ಹೆಸರಾದದ್ದು; ಆಮೇಲೆ ಆಪಲ್ ಕಂಪ್ಯೂಟರಿನ ಕೀಲಿಗಳ ಮೇಲೂ ಅದೇ ಬಹಳ ಕಾಲ ಕೂತಿತ್ತು. ನಿನ್ನ ಕಂಪ್ಯೂಟರಿನಲ್ಲಿರುವ ಏರಿಯಲ್ ರೌಂಡೆಡ್ ಕೂಡ ಅದೇ ಬಗೆಯದು. ಕಾರು ಮಾರುವವರು ತಮ್ಮ ಹೆಸರನ್ನು ಹೀಗೆ ಬರೆಸಿದ್ದು ಯಾಕೆ? ಗಡುಸಾದ ವಸ್ತುವನ್ನು ನಗುಮುಖದಿಂದ ಕೊಡಲು. ದಪ್ಪ ಗೆರೆ ಕೂಗಿ ಕರೆಯುತ್ತದೆ, ದುಂಡು ತುದಿ ಆ ಕೂಗಿನ ಒರಟುತನ ತೆಗೆಯುತ್ತದೆ.

ಕನ್ನಡಕ್ಕೆ ಬಂದರೆ ಲೆಕ್ಕ ಬೇರೆ. ನಮ್ಮ ಅಕ್ಷರದ ಮೈಯೇ ದುಂಡು. ಓಲೆಗರಿಯಲ್ಲಿ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ಅದಕ್ಕೇ ದುಂಡಾಯಿತು ಅಂತ ಎಲ್ಲರೂ ಹೇಳುತ್ತಾರೆ. ಇರಬಹುದು. ಆದರೆ ಒಮ್ಮೆ ಲಕ್ಷ್ಮೇಶ್ವರಕ್ಕೆ ಹೋಗಿ ಸೋಮೇಶ್ವರ ಗುಡಿಯ ಕಲ್ಲು ನೋಡು. ಅದು ಹಳೆಯ ಪುಲಿಗೆರೆ. ಕವಿರಾಜಮಾರ್ಗ ತಿರುಳ್ಗನ್ನಡದ ನಾಡಿನ ಎಲ್ಲೆ ಹೇಳುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಒಂದು. ಉಳಿ ಹಿಡಿದವನಿಗೆ ನೇರ ಗೆರೆ ಸುಲಭ, ದುಂಡು ಕಷ್ಟ. ಆದರೂ ಅವನು ದುಂಡಗೇ ಕಡಿದಿದ್ದಾನೆ. ಅಂದರೆ ದುಂಡು ನಮ್ಮ ಕಣ್ಣಿಗೆ ಹತ್ತಿದ ರುಚಿ. ಹೀಗಿರುವಾಗ ಕನ್ನಡದಲ್ಲಿ ಹೊಸದಾಗಿ ದುಂಡು ಮಾಡಲು ಉಳಿದಿರುವುದೇನು? ತಲಕಟ್ಟಿನ ತುದಿ, ದೀರ್ಘದ ಕೊನೆ, ಕೊಂಬಿನ ಬಾಲ, ಇಷ್ಟೇ. ಇಂಗ್ಲಿಷಿನಲ್ಲಿ ದುಂಡು ತುದಿ ಅಕ್ಷರದ ಸ್ವಭಾವವನ್ನೇ ಬದಲಿಸುತ್ತದೆ. ಕನ್ನಡದಲ್ಲಿ ಅದು ಇದ್ದ ಸ್ವಭಾವವನ್ನು ಇನ್ನೂ ಎತ್ತಿ ತೋರಿಸುತ್ತದೆ. ಆದ್ದರಿಂದಲೇ ಇಲ್ಲಿ ಅದು ಬೇಗ ಒಗ್ಗುತ್ತದೆ, ಬೇಗ ಅತಿಯೂ ಆಗುತ್ತದೆ.

ಅತಿ ಆದದ್ದು ಎಲ್ಲಿ ಗೊತ್ತಾಗುತ್ತದೆ? ಅಕ್ಷರದ ಒಳಗೆ. ನೀನು ನೋಡುತ್ತಿರುವುದು ಕಪ್ಪು ಗೆರೆಯನ್ನು. ಓದುವವನ ಕಣ್ಣಿಗೆ ಬೇಕಾದದ್ದು ಗೆರೆಯ ನಡುವಿನ ಬಿಳಿ ಜಾಗ. ರ ಒಳಗೊಂದು ಬಿಳಿ ಇದೆ, ಪ ಒಳಗೊಂದಿದೆ, ಸೊನ್ನೆಯಲ್ಲಿದೆ, ಗುಡಿಸಿನ ಸುತ್ತಿನಲ್ಲಿ ಚೂರೇ ಚೂರು ಇದೆ. ಗೆರೆ ದಪ್ಪವಾದಂತೆ ಅದು ಹೊರಗೂ ಬೆಳೆಯುತ್ತದೆ, ಒಳಗೂ ಬೆಳೆಯುತ್ತದೆ. ಒಳಗಿನ ಬಿಳಿ ಮುಚ್ಚಿತು ಅಂದರೆ, ಎಣ್ಣೆಗೆ ಬಿಟ್ಟ ಉದ್ದಿನವಡೆಯ ತೂತು ಉಬ್ಬಿ ಮುಚ್ಚಿಹೋದ ಹಾಗೆ, ಉಳಿಯುವುದು ಒಂದು ಮುದ್ದೆ.

ಕನ್ನಡದಲ್ಲಿ ಈ ಮುದ್ದೆ ಬರೀ ಚಂದ ಕೆಡಿಸಿ ಬಿಡುವುದಿಲ್ಲ, ಅಕ್ಷರವನ್ನೇ ಬದಲಿಸುತ್ತದೆ. ಠ ಅಂದರೆ ರ ಒಳಗೆ ಒಂದು ಚುಕ್ಕಿ. ಆ ಚುಕ್ಕಿ ಸುತ್ತಿನ ಗೋಡೆಗೆ ಅಂಟಿಕೊಂಡಿತೋ, ಇಪ್ಪತ್ತು ಅಡಿ ದೂರದಿಂದ ಅದು ರ. ಮಠ ಹೋಗಿ ಮರ ಆಯಿತು. ಗದಗಿನಲ್ಲಿ ತೋಂಟದಾರ್ಯ ಮಠ, ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠ, ಮುಂಡರಗಿಯಲ್ಲಿ ಅನ್ನದಾನೀಶ್ವರ ಮಠ ಇರುವ ಜಿಲ್ಲೆಯಲ್ಲಿ ಕೂತು, ಜಾತ್ರೆಯ ಬ್ಯಾನರ್ ಹೊಡೆಯುವವನು ಠ ಅಕ್ಷರವನ್ನು ಕೆಡಿಸಿದರೆ ಯಾರಿಗೆ ಮುಖ ತೋರಿಸುತ್ತಾನೆ? ಹಾಗೇ ದ ಮತ್ತು ಧ. ಎರಡರ ನಡುವೆ ಇರುವುದು ಅಡಿಯ ಒಂದು ಸಣ್ಣ ಸೀಳು. ಅದು ಮುಚ್ಚಿದರೆ ಧನಲಕ್ಷ್ಮಿ ಟ್ರೇಡರ್ಸ್ ದನದ ವ್ಯಾಪಾರಕ್ಕೆ ಇಳಿಯುತ್ತದೆ. ಎಪಿಎಂಸಿಯ ಸಾಲಿನಲ್ಲಿ ಅಂಥ ಬೋರ್ಡು ಏರಿದರೆ ಹಮಾಲರು ವರ್ಷವಿಡೀ ನಗುತ್ತಾರೆ. ಷ ಅಕ್ಷರದ ಒಳಗಿನ ಅಡ್ಡಗೆರೆ, ಥ ಒಳಗಿನ ಚುಕ್ಕಿ, ಬ ಮತ್ತು ಭ ನಡುವಿನ ವ್ಯತ್ಯಾಸ, ಇವೆಲ್ಲ ಇದೇ ಪಂಗಡ. ದಪ್ಪ ಮಾಡುವ ಮೊದಲು ಬೋರ್ಡಿನಲ್ಲಿ ಈ ಅಕ್ಷರಗಳು ಇವೆಯೇ ಎಂದು ಹುಡುಕು. ಇದ್ದರೆ ಕೈ ಹಿಡಿ.

ಫಾಂಟು ಹೇಗಿದೆ ಎಂದು ನೋಡಲು ನಿನಗೆ ಬೇರೆ ಪರೀಕ್ಷೆ ಬೇಡ. ನಮ್ಮ ಊರುಗಳ ಹೆಸರೇ ಸಾಕು. "ಗದಗ" ಎಂದು ಬರೆ. ಅತ್ತಿಂದ ಓದಿದರೂ ಅದೇ, ಇತ್ತಿಂದ ಓದಿದರೂ ಅದೇ. ಒತ್ತಿಲ್ಲ, ಸೊನ್ನೆಯಿಲ್ಲ, ಕೊಂಬಿಲ್ಲ. ಗ ಅಕ್ಷರದ ಕೆಳಗೆ ಬಾಗಿಲು ತೆರೆದೇ ಇದೆ, ಎಷ್ಟು ದಪ್ಪ ಮಾಡಿದರೂ ಬಿಳಿ ಉಸಿರಾಡುತ್ತದೆ. ಈ ಹೆಸರನ್ನು ಯಾವ ಫಾಂಟಿನಲ್ಲಿ ಬರೆದರೂ ಚಂದ ಕಾಣುತ್ತದೆ. ಅದಕ್ಕೇ ಇದನ್ನು ನೋಡಿ ಫಾಂಟು ಆರಿಸಬೇಡ, ಮೋಸ ಹೋಗುತ್ತೀ. "ಬೆಟಗೇರಿ" ಬರೆದರೆ ಮೇಲಿನ ಏತ್ವಗಳು ಹೇಗೆ ಕೂತಿವೆ ತಿಳಿಯುತ್ತದೆ. "ಮುಂಡರಗಿ" ಬರೆದಾಗ ಸೊನ್ನೆ ನೋಡು. ಅದು ಬಳೆಯ ಆಕಾರ ಉಳಿಸಿಕೊಂಡಿದೆಯೋ, ಇಲ್ಲಾ ತುಂಬಿದ ಚುಕ್ಕಿ ಆಗಿದೆಯೋ? ಅದರ ಹಿಂದೆಯೇ ಮು ಇದೆ. ಮ ಸುತ್ತು, ಅದರ ಬಾಲ, ಅದಕ್ಕೆ ಕೊಂಬು, ಮೂರೂ ಬಲಗಡೆಗೆ ಬಂದು ನೂಕಾಡುತ್ತವೆ. "ಶಿರಹಟ್ಟಿ" ತಲೆಯ ಪರೀಕ್ಷೆ: ಶಿ ಮೇಲಿನ ಗುಡಿಸಿನ ಸುತ್ತು, ಟ್ಟಿ ಮೇಲಿನ ಗುಡಿಸು. ದಪ್ಪ ದುಂಡು ಫಾಂಟುಗಳಲ್ಲಿ ಮೊದಲು ಕೈಕೊಡುವುದೇ ಗುಡಿಸು.

ಇನ್ನು "ಲಕ್ಷ್ಮೇಶ್ವರ". ಇದನ್ನು ದಾಟಿದ ಫಾಂಟು ಎಲ್ಲವನ್ನೂ ದಾಟುತ್ತದೆ. ನಿಧಾನವಾಗಿ ನೋಡು. ಲ ಸರಿ. ಆಮೇಲೆ ಬರುವ ಕ್ಷ್ಮೇ ಒಂದೇ ಗಂಟು: ಮೇಲೆ ಕ, ತಲೆಗೆ ಏತ್ವ, ಕಾಲಿಗೆ ಷ ಒತ್ತು, ಅದರ ಬಗಲಿಗೋ ಕೆಳಗೋ ಮ ಒತ್ತು, ಕೊನೆಗೆ ದೀರ್ಘ. ಅದರ ಬೆನ್ನಿಗೇ ಶ್ವ, ಅದಕ್ಕೊಂದು ವ ಒತ್ತು. ಎರಡು ಅಕ್ಷರಕ್ಕೆ ಮೂರು ಒತ್ತು ನೇತಾಡುತ್ತಿವೆ. ಇಲ್ಲಿ ಒಂದೇ ಗುಟ್ಟು ನೋಡಬೇಕಾದದ್ದು: ಒತ್ತಕ್ಷರದ ಗೆರೆ ಮೇಲಿನ ಅಕ್ಷರದ ಗೆರೆಗಿಂತ ತುಸು ಸಣ್ಣದಾಗಿದೆಯೇ? ಬಲ್ಲವನು ಮಾಡಿದ ಫಾಂಟಿನಲ್ಲಿ ಹಾಗೇ ಇರುತ್ತದೆ. ಒತ್ತು ಗಾತ್ರದಲ್ಲಿ ಚಿಕ್ಕದು, ಅದಕ್ಕೆ ದೊಡ್ಡಣ್ಣನ ದಪ್ಪವನ್ನೇ ತೊಡಿಸಿದರೆ ಒಳಗಿನ ಬಿಳಿ ಸತ್ತೇಹೋಗುತ್ತದೆ. ಆದರೂ ಕಣ್ಣಿಗೆ ಎರಡೂ ಒಂದೇ ದಪ್ಪ ಅನ್ನಿಸಬೇಕು. ಆ ಮೋಸವೇ ಕಲೆ. ಬಸ್ಸಿನ ಹಣೆಯ ಮೇಲೆ ಊರಿನ ಹೆಸರು ಬರೆಯುತ್ತಿದ್ದ ಪೇಂಟರುಗಳಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ಒತ್ತಿಗೆ ಬಂದಾಗ ಅವರು ಬ್ರಷ್ಷನ್ನೇ ಬದಲಿಸುತ್ತಿದ್ದರು.

ಆ ಪೇಂಟರುಗಳ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮದು ನಾಟಕ ಕಂಪನಿಗಳ ಊರು. ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಇದ್ದ ಊರು, ಪಂಚಾಕ್ಷರಿ ಗವಾಯಿಗಳು ಕಟ್ಟಿದ ಕಂಪನಿ ಇದ್ದ ಊರು. ನಾಟಕದ ಬೋರ್ಡು ಅಂದರೆ ಕಂದೀಲಿನ ಬೆಳಕಿನಲ್ಲೂ ಓದಿಸಿಕೊಳ್ಳಬೇಕು. ಪೇಂಟರು ಮೊದಲು ಸುಣ್ಣದ ದಾರ ಹೊಡೆದು ಮೇಲೆ ಕೆಳಗೆ ಗೆರೆ ಮಾಡಿಕೊಳ್ಳುತ್ತಿದ್ದ. ಚಪ್ಪಟೆ ಬ್ರಷ್ಷಿನಿಂದ ಗೆರೆ ಎಳೆದು, ತುದಿಗೆ ಬಂದಾಗ ಬೆರಳಿನಲ್ಲೇ ಬ್ರಷ್ಷು ತಿರುಗಿಸುತ್ತಿದ್ದ. ತುದಿ ತಾನಾಗಿಯೇ ದುಂಡಾಗುತ್ತಿತ್ತು. ಅವನಿಗೆ ದುಂಡು ತುದಿ ಫ್ಯಾಷನ್ನಿನ ಮಾತಲ್ಲ, ಬಣ್ಣ ಜಿನುಗದಂತೆ ಗೆರೆ ಮುಗಿಸುವ ರೀತಿ. ಗೆರೆ ಕೆಟ್ಟರೆ ಹಿಂದಿನ ಬಣ್ಣ ತಂದು ಒಳಗಿನ ಜಾಗವನ್ನು ಮತ್ತೆ ಬಿಡಿಸುತ್ತಿದ್ದ, ಅಂದರೆ ಕಪ್ಪಿನಷ್ಟೇ ಬಿಳಿಯನ್ನೂ ಕೈಯಿಂದ ಬರೆಯುತ್ತಿದ್ದ. ಈಗಲೂ ಹಳೇ ಗೋಡೆಗಳ ಮೇಲೆ, ಮೂಲೆಯಲ್ಲಿ 'ಆರ್ಟ್ಸ್' ಎಂಬ ಸಹಿ ಉಳಿದ ಬೋರ್ಡುಗಳಿವೆ. ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೋ. ಗದಗ ಜಂಕ್ಷನ್ನಿನ ಹಳದಿ ಹಲಗೆಯ ಮೇಲಿನ ಕರಿ ಅಕ್ಷರವನ್ನೂ ನಿಂತು ನೋಡು. ಓಡುವ ರೈಲಿನ ಕಿಟಕಿಯಿಂದ ಓದಬೇಕಾದ ಅಕ್ಷರಕ್ಕೆ ಎಷ್ಟು ದಪ್ಪ ಸಾಕು ಎಂಬುದು ಅಲ್ಲಿ ತಿಳಿಯುತ್ತದೆ.

ಈಗ ನಿನ್ನ ಕಂಪ್ಯೂಟರಿಗೆ ಬರೋಣ. ಎರಡು ಕೆಟ್ಟ ರೂಢಿ ನಿಮ್ಮ ಓಣಿಯಲ್ಲೆಲ್ಲ ಇದೆ. ಒಂದು, ಸಿಕ್ಕ ಫಾಂಟಿಗೆ ಕೋರಲ್ ಡ್ರಾದಲ್ಲಿ ಔಟ್‌ಲೈನ್ ಹಚ್ಚಿ, ಮೂಲೆ ದುಂಡು ಮಾಡಿ, "ನೋಡ್ರಿ ಬೋಲ್ಡ್ ಆತು" ಅನ್ನುವುದು. ಔಟ್‌ಲೈನಿಗೆ ಒತ್ತು ಯಾವುದು, ತಲಕಟ್ಟು ಯಾವುದು ಎಂಬ ವಿವೇಕ ಇಲ್ಲ. ಎಲ್ಲ ಗೆರೆಗೂ ಒಂದೇ ಅಳತೆ ದಪ್ಪ ಏರಿಸುತ್ತದೆ. ದೊಡ್ಡ ಅಕ್ಷರ ತಡೆದುಕೊಳ್ಳುತ್ತದೆ, ಒತ್ತು, ಗುಡಿಸು, ಸೊನ್ನೆ ಮುಳುಗುತ್ತವೆ. ಇನ್ನೊಂದು, ಹೆಸರು ಉದ್ದ ಆಯಿತು ಅಂತ ಎರಡೂ ಬದಿಯಿಂದ ಒತ್ತುವುದು, ಅಥವಾ ಜಾಗ ಉಳಿಯಿತು ಅಂತ ಎಳೆಯುವುದು. ಬೇರೆ ಫಾಂಟಿನಲ್ಲಿ ಇದು ಅಷ್ಟಾಗಿ ಗೊತ್ತಾಗದು. ದುಂಡು ಫಾಂಟಿನಲ್ಲಿ ಕೂಡಲೇ ಸಿಕ್ಕಿಬೀಳುತ್ತೀ, ಯಾಕೆಂದರೆ ಗೆರೆಯ ತುದಿಯ ಅರ್ಧವೃತ್ತ ಅಂಡಾಕಾರ ಆಗುತ್ತದೆ, ಅಡ್ಡ ಗೆರೆ ಒಂದು ದಪ್ಪ, ಉದ್ದ ಗೆರೆ ಇನ್ನೊಂದು ದಪ್ಪ ಆಗುತ್ತದೆ. ದುಂಡು ಅಕ್ಷರದ ಚಂದ ಇರುವುದೇ ಗೆರೆಯ ದಪ್ಪ ಎಲ್ಲ ಕಡೆ ಒಂದೇ ಎಂಬ ಭರವಸೆಯಲ್ಲಿ.

ಹಾಗಾದರೆ ದಪ್ಪ ಬೇಕೆಂದರೆ ದಪ್ಪವಾಗಿಯೇ ಹುಟ್ಟಿದ ಫಾಂಟು ತಗೋ. ಈಗ ಅದು ದುಡ್ಡು ಕೊಡದೆಯೂ ಸಿಗುತ್ತದೆ. ಗೂಗಲ್ ಫಾಂಟ್ಸ್‌ನಲ್ಲಿ ಬಲೂ ತಮ್ಮ ಎಂಬುದಿದೆ. ಮುಂಬೈಯ ಎಕ್ ಟೈಪ್‌ನವರದು, ಕನ್ನಡದ ಕೆಲಸ ದಿವ್ಯಾ ಕೌಶಿಕ್ ಮತ್ತು ಶುಚಿತಾ ಗ್ರೋವರ್ ಅವರದು. ಬಲೂ ಅಂದರೆ ಜಂಗಲ್ ಬುಕ್ಕಿನ ಕರಡಿ. ಅಕ್ಷರವೂ ಹಾಗೇ ಭಾರ, ಮೆತ್ತಗೆ, ಉಗುರಿಲ್ಲದ ಪಂಜ. ಒಂದೊಂದು ಭಾಷೆಗೆ ಒಂದೊಂದು ನೆಂಟಸ್ತಿಕೆ ಕೊಟ್ಟಿದ್ದಾರೆ: ತಮಿಳಿಗೆ ತಂಬಿ, ತೆಲುಗಿಗೆ ತಮ್ಮುಡು, ಮಲಯಾಳಕ್ಕೆ ಚೇಟ್ಟನ್, ಗುಜರಾತಿಗೆ ಭಾಯಿ. ನಮ್ಮ ಪಾಲಿಗೆ ತಮ್ಮ ಬಂದಿದ್ದಾನೆ. ಮೊದಲಿನದಕ್ಕೆ ಒಂದೇ ದಪ್ಪ ಇತ್ತು. ಬಲೂ ತಮ್ಮ 2 ಎಂಬುದರಲ್ಲಿ ರೆಗ್ಯುಲರ್‌ನಿಂದ ಎಕ್ಸ್‌ಟ್ರಾ ಬೋಲ್ಡ್‌ವರೆಗೆ ಐದು ಮೆಟ್ಟಿಲು ಇವೆ. ನೀನು ಐದನೆಯ ಮೆಟ್ಟಿಲಿಗೆ ಒಂದೇ ಜಿಗಿತ ಜಿಗಿಯಬೇಡ. ಬಹಳ ಸಾರಿ ಮೂರನೆಯದೋ ನಾಲ್ಕನೆಯದೋ ಸಾಕಾಗುತ್ತದೆ.

ಉದ್ದ ಹೆಸರು ಕಿರಿದು ಜಾಗದಲ್ಲಿ ಕೂರಬೇಕಾದರೆ ಅದೇ ಎಕ್ ಟೈಪ್‌ನವರ ಅನೇಕ್ ಕನ್ನಡ ನೋಡು. ತುದಿ ಅಷ್ಟು ದುಂಡಿಲ್ಲ, ಆದರೆ ಅಗಲವನ್ನೂ ದಪ್ಪವನ್ನೂ ಬೇಕಾದಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಲು ಬರುತ್ತದೆ, ಗೆರೆ ಕೆಡುವುದಿಲ್ಲ. "ಶ್ರೀ ಲಕ್ಷ್ಮೇಶ್ವರ ಟ್ರಾನ್ಸ್‌ಪೋರ್ಟ್ ಸರ್ವಿಸ್" ಅಂಥದ್ದು ಬಂದಾಗ ಒತ್ತಿ ಹಿಂಡುವುದಕ್ಕಿಂತ ಅದು ಎಷ್ಟೋ ಮೇಲು. ಹುಬ್ಬಳ್ಳಿ ಎಂಬ ಹೆಸರಿನ ಕನ್ನಡ ಫಾಂಟೂ ಒಂದಿದೆ, ಎರಿನ್ ಮೆಕ್‌ಲಾಫ್ಲಿನ್ ಮಾಡಿದ್ದು. ಒಂದೇ ದಪ್ಪದ ಗೆರೆ, ಸಲೀಸಾದ ಕೈ. ದಪ್ಪದ್ದಲ್ಲ, ಆದರೆ ದಪ್ಪ ಹೆಸರಿನ ಕೆಳಗಿನ ಸಾಲಿಗೆ ಒಪ್ಪುತ್ತದೆ. ಇವೆಲ್ಲ ಮುಕ್ತ ಪರವಾನಗಿಯವು. ಬೋರ್ಡು ಮಾಡಿ ದುಡ್ಡು ತಗೊಂಡರೂ ಅಡ್ಡಿಯಿಲ್ಲ, ಫಾಂಟನ್ನೇ ಬಿಡಿಯಾಗಿ ಮಾರಬಾರದು ಅಷ್ಟೇ. ಪೆನ್‌ಡ್ರೈವಿನಲ್ಲಿ ಅವರಿವರಿಂದ ಬಂದ ಮಾರಾಟದ ಫಾಂಟುಗಳ ಸಹವಾಸ ಬಿಡು.

ಒಂದು ತೊಡಕು ಇದೆ, ಮೊದಲೇ ಹೇಳಿಬಿಡುತ್ತೇನೆ. ನೀನು ನುಡಿ, ಶ್ರೀಲಿಪಿ ತಂತ್ರಾಂಶಗಳಲ್ಲಿ ಕೈ ಪಳಗಿಸಿಕೊಂಡವನು. ಬಲೂ ತಮ್ಮ ಯುನಿಕೋಡಿನದು. ಹಳೇ ಕೋರಲ್‌ನಲ್ಲಿ ಯುನಿಕೋಡ್ ಕನ್ನಡ ಒಡೆಯುತ್ತದೆ. ಒತ್ತು ಕೆಳಗೆ ಇಳಿಯದೆ ಪಕ್ಕದಲ್ಲಿ ಬಂದು ನಿಲ್ಲುತ್ತದೆ. ಆಗ ಫಾಂಟು ಸರಿಯಿಲ್ಲ ಅಂತ ಬೈದು ಬಿಟ್ಟವರು ಬಹಳ. ಇಂಕ್‌ಸ್ಕೇಪ್ ಎಂಬುದು ಪುಕ್ಕಟೆ ಸಿಗುತ್ತದೆ, ಅದರಲ್ಲಿ ಕನ್ನಡ ಸರಿಯಾಗಿ ಕೂರುತ್ತದೆ. ಹೆಸರನ್ನು ಅಲ್ಲಿ ಬರೆದು, ಅಕ್ಷರವನ್ನು ಗೆರೆಗಳಾಗಿ ಮಾರ್ಪಡಿಸಿ, ಆ ಫೈಲನ್ನು ಕೋರಲ್‌ಗೆ ತಂದುಕೋ. ಅಕ್ಷರ ಗೆರೆಯಾದ ಮೇಲೆ ಕಾಗುಣಿತ ತಿದ್ದಲು ಬರುವುದಿಲ್ಲ, ಅದಕ್ಕೆ ಮೊದಲೇ ಗಿರಾಕಿಯಿಂದ ಓದಿಸಿ ಒಪ್ಪಿಸಿಕೋ.

ಸಾಮಾನಿನ ಮಾತಿಗೆ ಬರುತ್ತೇನೆ. ದುಂಡು ದಪ್ಪ ಅಕ್ಷರಕ್ಕೆ ನಿಜವಾದ ಕೆಲಸ ಸಿಗುವುದು ಇಲ್ಲೇ. ರೇಡಿಯಂ ಕತ್ತರಿಸುತ್ತೀಯಲ್ಲ, ಟ್ರ್ಯಾಕ್ಟರಿನ ಟ್ರೇಲರಿಗೆ, ಬೈಕಿಗೆ, ಅಂಗಡಿಯ ಗಾಜಿಗೆ. ಸ್ಟಿಕರು ಏಳಲು ಶುರುವಾಗುವುದು ಯಾವಾಗಲೂ ಚೂಪು ಮೂಲೆಯಿಂದ. ನಮ್ಮ ಏಪ್ರಿಲ್ ಬಿಸಿಲು, ಎರೆಭೂಮಿಯ ಧೂಳು, ತೊಳೆಯುವಾಗಿನ ನೀರಿನ ಹೊಡೆತ ಮೂರೂ ಕೂಡಿ ಮೂಲೆಗೆ ಉಗುರು ಹಾಕುತ್ತವೆ. ದುಂಡು ತುದಿಗೆ ಹಿಡಿತ ಸಿಗುವುದಿಲ್ಲ. ಗೆರೆ ದಪ್ಪ ಇದ್ದಷ್ಟೂ ಅಂಟಿನ ಮೈ ಜಾಸ್ತಿ. ಹೊಲದಿಂದ ಎಪಿಎಂಸಿಗೆ ಶೇಂಗಾ, ಉಳ್ಳಾಗಡ್ಡಿ, ಹೆಸರು ಹೊತ್ತು ಓಡಾಡುವ ಟ್ರೇಲರಿಗೆ ತೆಳು ತೆಳು ಬಳ್ಳಿಯ ಅಕ್ಷರ ಅಂಟಿಸಿ ಕೊಡಬೇಡ. ದುಂಡು ದಪ್ಪವೇ ಕೊಡು. ಒಳಗಿನ ಚೂರುಗಳನ್ನು ಕಿತ್ತು ತೆಗೆಯುವಾಗ ಠ ಒಳಗಿನ ಚುಕ್ಕಿ ಜೊತೆಗೇ ಕಿತ್ತು ಬರುತ್ತದೆ, ಅಲ್ಲಿ ಲಕ್ಷ್ಯ ಇರಲಿ.

ಎಸಿಪಿ ಹಲಗೆ, ಅಕ್ರಿಲಿಕ್ ಕತ್ತರಿಸುವ ರೂಟರ್ ಯಂತ್ರದ ಹಲ್ಲು ತಾನೇ ದುಂಡು. ಚೂಪು ಒಳಮೂಲೆ ಅದಕ್ಕೆ ಬರುವುದೇ ಇಲ್ಲ. ಚೂಪು ಅಕ್ಷರ ಕೊಟ್ಟರೆ ಒಳಮೂಲೆಯಲ್ಲಿ ಅದು ತನ್ನ ದುಂಡನ್ನು ಬಿಟ್ಟು ಬರುತ್ತದೆ, ಹೊರಮೂಲೆ ಚೂಪಾಗೇ ಇರುತ್ತದೆ, ಒಟ್ಟು ಅರೆಬರೆ ಕಾಣುತ್ತದೆ. ಮೊದಲಿಂದಲೇ ದುಂಡಾದ ಅಕ್ಷರಕ್ಕೆ ಈ ಜಗಳ ಇಲ್ಲ. ನಿಯಾನ್ ಗಾಜಿನ ನಳಿಗೆಯ ಕಾಲದಲ್ಲೂ ಅಷ್ಟೇ, ಈಗಿನ ಬಗ್ಗುವ ಎಲ್‌ಇಡಿ ಪಟ್ಟಿಗೂ ಅಷ್ಟೇ.

ಆದರೆ ಬೆಳಗುವ ಬೋರ್ಡಿನಲ್ಲಿ ಒಂದು ಮೋಸ ಇದೆ. ಕತ್ತಲಲ್ಲಿ ಬೆಳಕು ಗೆರೆಯಾಚೆಗೂ ಚೆಲ್ಲುತ್ತದೆ. ಕರಿ ಹಿನ್ನೆಲೆಯ ಮೇಲಿನ ಬಿಳಿ ಅಕ್ಷರ ಇದ್ದದ್ದಕ್ಕಿಂತ ದಪ್ಪ ಕಾಣುತ್ತದೆ. ಹಗಲಲ್ಲಿ ಅಳೆದು ಸರಿ ಮಾಡಿದ ಎಕ್ಸ್‌ಟ್ರಾ ಬೋಲ್ಡ್, ರಾತ್ರಿ ಎಂಟಕ್ಕೆ ಸ್ವಿಚ್ ಹಾಕಿದಾಗ ಒಳಗಿನ ಕಪ್ಪನ್ನೆಲ್ಲ ನುಂಗಿ ಕೂತಿರುತ್ತದೆ. ಬೆಳಗುವ ಅಕ್ಷರಕ್ಕೆ ಯಾವಾಗಲೂ ಒಂದು ಮೆಟ್ಟಿಲು ಕೆಳಗಿನ ದಪ್ಪ ತಗೋ. ಅಕ್ಷರ ಅಕ್ಷರದ ನಡುವೆ ಜಾಗವನ್ನೂ ತುಸು ಹೆಚ್ಚಿಸು. ಗೋಣಿಚೀಲಕ್ಕೆ, ಬಟ್ಟೆಯ ಕೈಚೀಲಕ್ಕೆ ಸ್ಕ್ರೀನ್ ಪ್ರಿಂಟ್ ಮಾಡುವಾಗಲೂ ಇದೇ ಮಾತು. ನೂಲು ಬಣ್ಣ ಹೀರಿ ಹರಡುತ್ತದೆ. ಬೆಟಗೇರಿಯ ನೇಕಾರರ ಮನೆಗೆ ಹೋಗಿ ಕೇಳು, ಬಣ್ಣ ನೂಲಿನೊಳಗೆ ಹೇಗೆ ನಡೆದುಹೋಗುತ್ತದೆ ಎಂದು ಅವರು ತೋರಿಸುತ್ತಾರೆ.

ಎತ್ತರದ ಲೆಕ್ಕ ಗೊತ್ತಿರಲಿ. ಹತ್ತು ಅಡಿ ದೂರಕ್ಕೆ ಒಂದು ಇಂಚು ಅಕ್ಷರ ಅಂತ ಬೋರ್ಡಿನವರ ರೂಢಿ. ಅದು ಇಂಗ್ಲಿಷ್ ದೊಡ್ಡಕ್ಷರ ನೋಡಿ ಮಾಡಿದ ಲೆಕ್ಕ. ಕನ್ನಡದಲ್ಲಿ ಒತ್ತು, ಗುಡಿಸು ಸೇರಿಸಿ ಅಳೆದರೆ ಅಕ್ಷರದ ಮೈಗೆ ಸಿಗುವುದು ಅರ್ಧ. ಮೈಯನ್ನು ಮಾತ್ರ ಅಳೆ, ಗ ಅಥವಾ ದ ಎತ್ತರ ಹಿಡಿ. ಒತ್ತಿಗೆ ಕೆಳಗೆ ಬೇರೆ ಜಾಗ ಬಿಡು. ಇಲ್ಲವಾದರೆ ಲಕ್ಷ್ಮೇಶ್ವರದ ಕಾಲು ಕೆಳಗಿನ ಸಾಲಿನ ತಲೆಯ ಮೇಲೆ ಇರುತ್ತದೆ.

ಈಗ ಅಂಗಡಿಯವರು ನಿನ್ನ ಹತ್ತಿರ ಬರುವುದಕ್ಕೆ ಇನ್ನೊಂದು ಕಾರಣವೂ ಇದೆ. 2024ರ ತಿದ್ದುಪಡಿ ಆದ ಮೇಲೆ ನಾಮಫಲಕದಲ್ಲಿ ಶೇ 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಎಷ್ಟೋ ಮಂದಿ ಇಂಗ್ಲಿಷಿನಲ್ಲಿ ದುಂಡಗೆ ಮಾಡಿಸಿದ ಹೆಸರು ಹಿಡಿದು ಬಂದು, "ಇದರಂಗೇ ಕನ್ನಡದಾಗ ಮಾಡಿಕೊಡ್ರಿ" ಅನ್ನುತ್ತಾರೆ. ಇಲ್ಲಿ ಬಲೂ ತಮ್ಮನಂಥ ಫಾಂಟು ಚಿನ್ನ. ಅದರಲ್ಲಿ ಕನ್ನಡವೂ ಇದೆ, ಇಂಗ್ಲಿಷೂ ಇದೆ, ಎರಡರ ಗೆರೆಯೂ ಒಂದೇ ಕೈಯದು. ಆದರೆ ಇಂಗ್ಲಿಷಿನ ದಪ್ಪವನ್ನು ಕನ್ನಡಕ್ಕೆ ಇದ್ದ ಹಾಗೇ ತರಬೇಡ. ಇಂಗ್ಲಿಷ್ ಅಕ್ಷರಕ್ಕೆ ಒಳಗೆ ಒಂದು ಕೋಣೆ, ನಮ್ಮದಕ್ಕೆ ಎರಡು ಮೂರು ಕೋಣೆ. ಕನ್ನಡವನ್ನು ದೊಡ್ಡದಾಗಿ ಬರೆ, ದಪ್ಪ ತಾನಾಗಿ ಸರಿಹೊಂದುತ್ತದೆ.

ಎಲ್ಲಿ ಬೇಡ ಎಂಬುದನ್ನೂ ಹೇಳಬೇಕಲ್ಲ. ನಿನ್ನ ಕಂಪ್ಯೂಟರಿನಲ್ಲಿ ಹುಟ್ಟುಹಬ್ಬದ ಫ್ಲೆಕ್ಸು, ಶ್ರದ್ಧಾಂಜಲಿಯ ಫ್ಲೆಕ್ಸು ಎರಡೂ ಒಂದೇ ಫೈಲಿನಿಂದ ಹುಟ್ಟುತ್ತವೆ. ಫೋಟೋ ಬದಲು, ಹೂವು ಬದಲು, ಅಕ್ಷರ ಅದೇ. ಸತ್ತವರ ಹೆಸರು ಉಬ್ಬಿ ನಗುವ ಅಕ್ಷರದಲ್ಲಿ ಇದ್ದರೆ ಮನೆಯವರು ಆ ದಿನ ಏನೂ ಅನ್ನಲಿಕ್ಕಿಲ್ಲ. ಹತ್ತನೆಯ ದಿನ ಅದೇ ಫ್ಲೆಕ್ಸು ಮುಂದೆ ಕೂತು ನೋಡುತ್ತಾರೆ. ಅಲ್ಲಿ ಹಳೇ ಅಚ್ಚಿನ ಅಕ್ಷರ ಇರಲಿ, ಒಂದು ಕಡೆ ದಪ್ಪ ಒಂದು ಕಡೆ ಸಣ್ಣ ಗೆರೆ ಇರುವಂಥದ್ದು. ಮಠದ ಆಹ್ವಾನಪತ್ರಿಕೆಗೂ, ಸಹಕಾರ ಸಂಘದ ನೋಟಿಸಿಗೂ ಅದೇ. ಕಣಗಿನಹಾಳದಲ್ಲಿ 1905ರಲ್ಲಿ ಸಂಘ ಕಟ್ಟಿದ ಜಿಲ್ಲೆ ಇದು. ರೈತನ ಠೇವಣಿಯ ಬಗ್ಗೆ ಮಾತಾಡುವ ಕಾಗದ ಬಲೂನಿನ ಅಕ್ಷರದಲ್ಲಿ ಬಂದರೆ ಅವನು ಎರಡು ಸಲ ಯೋಚಿಸುತ್ತಾನೆ. ಉದ್ದ ಮಜಕೂರಿಗಂತೂ ದಪ್ಪ ದುಂಡು ಬೇಡವೇ ಬೇಡ. ಎರಡು ಮೂರು ಶಬ್ದದ ಮೇಲೆ ಅದು ದಣಿಸುತ್ತದೆ. ಖಾನಾವಳಿ, ಗಿರ್ಮಿಟ್, ಬೇಕರಿ, ಹಾಲು, ಆಟಿಕೆ, ಮಕ್ಕಳ ಶಾಲೆ, ನಾಟಕದ ಹೆಸರು: ಅದರ ಸಂಸಾರ ಅಲ್ಲಿ.

ಇನ್ನೊಂದು ನಿನ್ನ ಹೊಟ್ಟೆಪಾಡಿಗೆ ಸಂಬಂಧಿಸಿದ್ದು. ಬೋರ್ಡಿನ ಕೆಳಗಿನ ಫೋನ್ ನಂಬರನ್ನು ಮೇಲಿನ ಹೆಸರಿನ ಅಕ್ಷರದಲ್ಲೇ ಹಾಕುತ್ತೀಯಲ್ಲ, ಅದನ್ನು ಈಗಲೇ ಬಿಡು. ದುಂಡು ದಪ್ಪದಲ್ಲಿ 3, 6, 8, 9 ಒಂದಕ್ಕೊಂದು ಅಣ್ಣತಮ್ಮಂದಿರು. ಬಾಯಿ ಮುಚ್ಚಿದ 6 ಎಂದರೆ 8. ಗಿರಾಕಿಯ ಗಿರಾಕಿ ಬಸ್ಸಿನ ಕಿಟಕಿಯಿಂದ ನೋಡಿ ತಪ್ಪು ನಂಬರಿಗೆ ಫೋನ್ ಹಚ್ಚಿದರೆ, ಬೋರ್ಡು ಎಷ್ಟು ಚಂದ ಇದ್ದರೇನು? ನಂಬರಿಗೆ ರೆಗ್ಯುಲರ್ ಅಥವಾ ಮೀಡಿಯಂ ಸಾಕು. ಐದೈದು ಅಂಕಿಗೆ ಒಂದು ಸಣ್ಣ ತೆರಪು ಬಿಡು.

ಬೋರ್ಡು ಏರಿಸುವ ಮೊದಲು ಅದನ್ನು ಚಿಕ್ಕದಾಗಿ ಒಂದು ಹಾಳೆಯ ಮೇಲೆ ತೆಗೆದು, ಅಂಗಡಿಯ ಎದುರಿನ ಗೋಡೆಗೆ ಅಂಟಿಸಿ, ರಸ್ತೆಯ ಈಚೆಯಿಂದ ನೋಡು. ನಿನಗೆ ಹೆಸರು ಗೊತ್ತಿರುವುದರಿಂದ ನಿನ್ನ ಕಣ್ಣು ಸುಳ್ಳು ಹೇಳುತ್ತದೆ. ಚಹಾ ತರುವ ಹುಡುಗನಿಂದ ಓದಿಸು. ಕನ್ನಡಕ ಮರೆತು ಬಂದ ಹಿರಿಯರು ಯಾರಾದರೂ ಸಿಕ್ಕರೆ ಬಿಡಲೇಬೇಡ, ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಬಿಳಿ ಕಡಿಮೆಯಾಗಿದೆ.

ಬಿಲ್ಲಿನ ಮಾತೂ ಆಡಿಬಿಡೋಣ. ಫ್ಲೆಕ್ಸಿಗೆ ಚದರಡಿ ಲೆಕ್ಕ, ಎಸಿಪಿಗೆ ಚದರಡಿ ಲೆಕ್ಕ, ಅಕ್ಷರ ಕೂರಿಸಿದ್ದಕ್ಕೆ ಮಾತ್ರ ಲೆಕ್ಕವೇ ಇಲ್ಲ. ಪುಕ್ಕಟೆ ಕೊಟ್ಟದ್ದನ್ನು ಯಾರೂ ಕೆಲಸ ಅನ್ನುವುದಿಲ್ಲ. ಅದಕ್ಕೇ ಗಿರಾಕಿ ನಿನ್ನ ಬೆನ್ನ ಹಿಂದೆ ನಿಂತು ಇನ್ನೂ ದಪ್ಪ, ಇನ್ನೂ ದಪ್ಪ ಅಂತ ಅಪ್ಪಣೆ ಕೊಡುತ್ತಾನೆ. ಬಿಲ್ಲಿನಲ್ಲಿ "ಅಕ್ಷರ ವಿನ್ಯಾಸ" ಎಂದು ಬೇರೆ ಸಾಲು ಹಾಕು, ಸಣ್ಣ ಮೊತ್ತವೇ ಇರಲಿ. ಒಂದಿಬ್ಬರು ಜಗಳಾಡುತ್ತಾರೆ, ಒಂದಿಬ್ಬರು ಬೇರೆ ಅಂಗಡಿಗೆ ಹೋಗುತ್ತಾರೆ. ಉಳಿದವರು ಕೊಡುತ್ತಾರೆ, ಕೊಟ್ಟ ಮೇಲೆ ಹಿಂದೆ ನಿಲ್ಲದೆ ಮುಂದಿನ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಾರೆ. ಚಹಾದ ದುಡ್ಡು ಮಾತ್ರ ನೀನೇ ಕೊಡು.